ಒಳಮೂಲೆ

ರಿಯೆಕಾದ ಹಡಗುಕಟ್ಟೆಗೆ ಬುರಾ ಗಾಳಿ ಬಂದು
ಮೂರನೆಯ ದಿನ. ಕ್ರೇನುಗಳಿಗೆಲ್ಲ ರಜೆ.
ನನಗಿಲ್ಲ. ಪರದೆಯ ಮೇಲೆ ಫೆರಿಯ ಬಾಗಿಲಿನ ಕೀಲು:
ಹನ್ನೆರಡು ಟನ್ನು, ದಿನಕ್ಕೆ ಎಂಟು ಸಲ
ಎತ್ತಿ ಇಳಿಸುವುದು ಅದರ ಜನ್ಮದ ಕೆಲಸ.

ಮೊದಲು ಅದನ್ನು ತುಂಡರಿಸಬೇಕು.
ಇಡಿಯಾಗಿ ಕೊಟ್ಟರೆ ಕಂಪ್ಯೂಟರಿಗೆ ಅರಗುವುದಿಲ್ಲ.
ಎಷ್ಟು ಸಣ್ಣ, ಯಾವ ಆಕಾರ,
ಇಷ್ಟಕ್ಕೇ ಸಂಬಳ ಎಂದರೆ ಅಮ್ಮ ನಂಬಳು.

ಇಟ್ಟಿಗೆಯಾಕಾರದವು ಮರ್ಯಾದಸ್ಥ ತುಂಡುಗಳು.
ಸಾಲಾಗಿ ನಿಲ್ಲುತ್ತವೆ, ಕೆಲವೇ ಸೇರಿ ನಿಜ ಹೇಳುತ್ತವೆ,
ಆದರೆ ಒಂದೊಂದು ತಿರುವಿಗೂ ಅರ್ಧ ದಿನ
ಅವುಗಳ ಕಾಲು ಹಿಡಿಯಬೇಕು.
ನಾಲ್ಮುಖದ ಚೂರುಗಳೋ, ಗುಂಡಿ ಒತ್ತಿದರೆ ಸಾಕು,
ಸಂದುಗೊಂದಿಗೆಲ್ಲ ಲಕ್ಷಗಟ್ಟಲೆ ನುಗ್ಗುತ್ತವೆ.
ಅಗ್ಗದವನ್ನು ಕರೆದರೆ ಮೈ ಬಿಗಿ ಹಿಡಿದು
ಬಾಗಬೇಕಾದ ಉಕ್ಕನ್ನು ಬಾಗಲು ಬಿಡವು.
ನಡುವೆ ಗಂಟಿರುವವು ಒಳ್ಳೆಯವು. ರಾತ್ರಿಯನ್ನೆಲ್ಲ ತಿಂದುಹಾಕುತ್ತವೆ.

ತೋಳಿನುದ್ದಕ್ಕೂ ಇಟ್ಟಿಗೆ, ಕಿವಿಯ ಸುತ್ತ ನಾಲ್ಮುಖ,
ಎರಡನ್ನೂ ಬೆಸೆದು ಮಲಗಿದೆ.
ಬೆಳಿಗ್ಗೆ ಒಳಮೂಲೆಯಲ್ಲೊಂದು ಕೆಂಪು ಚುಕ್ಕೆ:
ಮುನ್ನೂರ ಹತ್ತು.
ಜಾಲದ ಕಣ್ಣನ್ನು ಅರ್ಧ ಮಾಡಿದೆ: ನಾನೂರ ಇಪ್ಪತ್ತೈದು.
ಮತ್ತೂ ಅರ್ಧ: ಐನೂರ ಎಂಬತ್ತಮೂರು.
ಹತ್ತಿರ ಹೋದಷ್ಟೂ ಏರುತ್ತಲೇ ಇದೆ,
ಈ ಉಕ್ಕು ಸೋಲುವುದು ಮುನ್ನೂರ ಐವತ್ತೈದಕ್ಕೆ,
ಕೀಲಿಗೆ ಹತ್ತೊಂಬತ್ತು ವರ್ಷ,
ಒಂದು ಬಿರುಕಿಲ್ಲ.

ಗಾಳಿಗೆ ಕೆಲಸವಿಲ್ಲದ ಬಾರ್ಬಾ ಮಿಕುಲಾ
ಕಾಫಿ ಹಿಡಿದು ಬಂದರು. ಕೀಲನ್ನು ಬೆಸೆದ ಕೈ ಅವರದೇ.
ಕೆಂಪು ಚುಕ್ಕೆಯ ಮೇಲೆ ಹೆಬ್ಬೆರಳಿಟ್ಟು ಕೇಳಿದರು:
ಇಲ್ಲಿ ಮೂಲೆ ಎಲ್ಲಿಂದ ಬಂತು?
ನಕ್ಷೆಯಲ್ಲಿದೆ, ಎಂದೆ.
ನಕ್ಷೆಯಲ್ಲಿರಲಿ. ನಾನು ಸಾಣೆ ಹಿಡಿದು ತೆಗೆದೆನಲ್ಲ.
ಯಾರು ಹೇಳಿದ್ದು?
ಯಾರೂ ಹೇಳಲಿಲ್ಲ. ಚೂಪಾಗಿತ್ತು. ಕೈಗೆ ಸರಿ ಬರಲಿಲ್ಲ.

ಕಟ್ಟೆಯ ಹಗ್ಗ ಹಿಡಿದು, ಗಾಳಿಗೆ ಬೆನ್ನು ಕೊಟ್ಟು
ಫೆರಿಯ ಹೊಟ್ಟೆಯೊಳಗೆ ಇಳಿದೆವು.
ಬಣ್ಣ ಕೆರೆದು, ಟಾರ್ಚಿನ ಬೆಳಕಿನಲ್ಲಿ
ಮೇಣ ಒತ್ತಿ ಅಚ್ಚು ತೆಗೆದೆ.
ಮೇಲುಗಡೆ ಎಂಟು ಮಿಲಿಮೀಟರಿನ ದುಂಡು,
ಕೆಳಗಡೆ ಆರೂವರೆ.
ಅಷ್ಟರಲ್ಲಿ ಊಟದ ಗಂಟೆ ಹೊಡೆದಿರಬೇಕು, ಎಂದರು.

ಮಧ್ಯಾಹ್ನ, ಆ ದುಂಡಿಗೆ ತಕ್ಕ ಚೂರುಗಳನ್ನು
ಕೈಯಾರೆ ಕೂರಿಸಿದೆ, ಒಂದರ ಹಿಂದೊಂದು.
ಇನ್ನೂರ ಹದಿನಾಲ್ಕು.
ಅರ್ಧ ಮಾಡಿದೆ: ಇನ್ನೂರ ಹದಿನೇಳು.
ಮತ್ತೂ ಅರ್ಧ: ಇನ್ನೂರ ಹದಿನೇಳು.
ಸಂಖ್ಯೆ ನಿಂತಿತು. ನಾನೂ ಕುರ್ಚಿಗೆ ಒರಗಿದೆ.

ವರದಿಯಲ್ಲಿ ಜಾಲದ ಬಗೆ ಬರೆದೆ, ಕಾರಣ ಬರೆದೆ.
ದುಂಡಿನ ಆಧಾರವೇನು ಎಂಬ ಅಂಕಣದಲ್ಲಿ
ಹೆಬ್ಬೆರಳು ಎನ್ನುವಂತಿಲ್ಲ,
ಸ್ಥಳದಲ್ಲಿ ಅಳೆದದ್ದು, ಎಂದೆ.

ಸಂಜೆ ಫೋನು ಮಾಡಿದೆ:
ಬಾರ್ಬಾ, ಎಡಬದಿಯ ಕೀಲು?
ಅದು ಜ್ವಾನೆಯದು.
ಅವನು ಹೋಗಿ ಆರು ವರ್ಷವಾಯಿತು.

ಕಿಟಕಿ ಇನ್ನೂ ಅದುರುತ್ತಿತ್ತು.
ಡಬ್ಬಿ ತೆರೆದು ನೋಡಿದೆ, ಮೇಣ ಸ್ವಲ್ಪ ಉಳಿದಿತ್ತು.