ನಲ್ಲಿಯ ಪಾರುಪತ್ಯ

ಮೂರು ನಲ್ಲಿ, ನಲವತ್ತೆರಡು ಮೈ,
ನಾಲ್ಕೂವರೆಗೆ ಬಸ್ಸು.
ಸಿತ್ರಾದ ಈ ಕ್ಯಾಂಪಿನಲ್ಲಿ ಜಗಳಕ್ಕೆ
ಇನ್ನೇನು ಬೇಕು ಹೇಳಿ.
ಕಣ್ಣಲ್ಲಿ ಸೋಪು ಉರಿಯುತ್ತಿದ್ದಾಗಲೇ
ತಂಗರಾಸು ಒಬ್ಬನ ಹಲ್ಲು ಅಲುಗಿಸಿದ ಮೇಲೆ
ಶುಕ್ರವಾರ ಸಭೆ ಸೇರಿತು, ಇಸ್ತ್ರಿ ಮೇಜಿನ ಸುತ್ತ.

ಒಬ್ಬ ಬೇಕು: ಸರದಿ ಬರೆಯುವವನು,
ಟ್ಯಾಂಕರ್ ಬಂದಾಗ ವಾಲ್ವ್ ತಿರುಗಿಸುವವನು,
ಐದು ನಿಮಿಷ ಮೀರಿದವನ ಬಾಗಿಲು ಬಡಿಯುವವನು.
ಸಂಬಳವಿಲ್ಲ. ಬೈಗುಳ ಉಂಟು.

ಸರ್ವೇಯರ್ ಹುಡುಗ ಪುಸ್ತಕ ಓದುವವ; ಅವನೆಂದ:
ಅಮೆರಿಕ ಹೊಸತಾಗಿ ತನ್ನ ಕಾಲ ಮೇಲೆ ನಿಂತಾಗ
ಊರೂರಲ್ಲಿ ವರ್ಷಕ್ಕೊಮ್ಮೆ ಜನ ಸೇರಿ
ಪೋಲಿ ಹಂದಿ ಹಿಡಿಯುವವನನ್ನು, ಬೇಲಿ ನೋಡುವವನನ್ನು
ಆರಿಸುತ್ತಿದ್ದರಂತೆ.
ಎಲ್ಲರೂ ನಕ್ಕರು.
ನಮಗೂ ಬೇಲಿ ಉಂಟು,
ಅದನ್ನು ನೋಡುವವನು ಮಾತ್ರ ಕಂಪನಿಯವನು.

ಚೀಟಿ ಬೇಡ, ಓದು ಬಾರದವರಿದ್ದಾರೆ.
ಯಾದಗಿರಿಯ ಹಯ್ಯಾಳಪ್ಪನಿಗೆ ಹುಣಸೆ ಬೀಜ,
ಶಿರ್ವದ ಜೋಕಿಂ ಮೋನಿಸನಿಗೆ ಕಡಲೆ.
ಎಣಿಸಲು ನಾನು, ಯಾಕೆಂದರೆ
ಸ್ಟೋರಿನಲ್ಲಿ ಬೋಲ್ಟ್ ಎಣಿಸುವುದೇ ನನ್ನ ಕೆಲಸ.

ಮೋನಿಸ್ ನಾಲ್ಕು ಭಾಷೆಯಲ್ಲಿ
ತಣ್ಣೀರಿನ ಆಸೆ ಹುಟ್ಟಿಸಿದ,
ಆಗಸ್ಟಿನಲ್ಲಿ, ನಲ್ಲಿ ತಿರುಗಿಸಿದರೆ
ಚಹಾ ಮಾಡಬಹುದಾದ ಕಾಲದಲ್ಲಿ.
"ನೀರು ಬಂದಾಗ ಕೂಗ್ತೀನಿ,"
ಹಯ್ಯಾಳಪ್ಪನ ಭಾಷಣ ಇಷ್ಟೇ.

ಹಾಲಿನಪುಡಿಯ ಡಬ್ಬ, ಕಂಬಳಿಯ ಮರೆ.
ಕಡಲೆ ಬಿದ್ದ ಸದ್ದೇ ಬೇರೆ, ಹುಣಸೆಯದೇ ಬೇರೆ;
ಕಿವಿಗಳು ನಿಮಿರಿದ್ದು ಕಂಡು
ಯಾರೋ ರೇಡಿಯೋ ದೊಡ್ಡದು ಮಾಡಿದರು.

ಹುಣಸೆ ಇಪ್ಪತ್ತೆರಡು. ಕಡಲೆ ಇಪ್ಪತ್ತೊಂದು.
ಮತ್ತೆ ಎಣಿಸಿದೆ, ಐದೈದರ ಗುಪ್ಪೆ ಮಾಡಿ.
ನಲವತ್ತಮೂರು.

ರೇಡಿಯೋ ನಿಂತಿತು.
ಬಾಗಿಲ ಹತ್ತಿರದಿಂದ ಗೇಟಿನ ಕಾವಲಿನ ಗುಲ್‌ಜರೀನ್,
ಸ್ವಾತ್ ಕಣಿವೆಯ ಮುದುಕ, "ಒಂದು ನಂದು" ಅಂದ.
"ನಿನ್ನ ಹಾಸಿಗೆ ಈ ಬ್ಲಾಕಿನಲ್ಲಿಲ್ಲವಲ್ಲ!"
"ಹಾಸಿಗೆಯೇ ಇಲ್ಲ, ಕುರ್ಚಿ ಇದೆ.
ಮೀಯುವುದು ಇಲ್ಲೇ, ನೀವೆಲ್ಲ ಹೋದ ಮೇಲೆ,
ಉಳಿದಿದ್ದರೆ."

ಆಮೇಲೆ ಒಂದು ಗಂಟೆ ಗಲಾಟೆ.
ಮತ ಹಾಸಿಗೆ ಇದ್ದವನಿಗೋ, ಮೈ ಇದ್ದವನಿಗೋ?
ರಜೆಗೆ ಹೋದ ಬಿಪುಲನ ಹಾಸಿಗೆಗೆ ಉಂಟೋ?
ಮೋನಿಸನ ಕಡೆಯವರು ಮೇಜು ಕುಟ್ಟಿದರು:
"ತೆಗೆದುಹಾಕು ಅವನ ಬೀಜ!"
ತೆಗೆಯಲು ನನಗೇನೂ ಅಡ್ಡಿಯಿರಲಿಲ್ಲ.
ಯಾವುದನ್ನು?
"ಯಾರಿಗೆ ಹಾಕಿದೆ, ಚಾಚಾ?"
"ಹೇಳಬಾರದು ಅಂತ ಕಂಬಳಿ ಕಟ್ಟಿದವರು ನೀವು."

ಬೀಜಗಳು ಮೇಜಿನ ಮೇಲೆ ಸುಮ್ಮನೆ ಬಿದ್ದಿದ್ದವು.
ನನ್ನದು ಕಡಲೆ. ಈಗ ಹೇಳಿದರೆ ತಪ್ಪಿಲ್ಲ.
ಅದನ್ನೂ ಗುರುತು ಹಿಡಿಯಲಾಗಲಿಲ್ಲ ನನಗೆ.

ಈಗ ಮೂರೂವರೆಗೆ ಹಯ್ಯಾಳಪ್ಪ ಕೂಗುತ್ತಾನೆ,
ಕುರಿ ಕರೆಯುವ ದನಿಯಲ್ಲಿ.
ಗೋಡೆಯ ಪಟ್ಟಿಯ ಕೊನೆಗೆ
ಕಾಗುಣಿತ ತಪ್ಪಿದ ಇನ್ನೊಂದು ಹೆಸರು.
ಬಕೆಟ್ ಒಂದು ತುಂಬಿ ಮುಚ್ಚಿಟ್ಟಿರುತ್ತದೆ.

ಮೊನ್ನೆ ಊರಿಂದ ತಮ್ಮನ ಫೋನು:
ಪಂಚಾಯ್ತಿ ಚುನಾವಣೆ ಮುಗಿಯಿತಂತೆ,
ನನ್ನ ಹೆಸರಿನ ಮುಂದೆ
ಯಾರದೋ ಹೆಬ್ಬೆಟ್ಟು ಬಿದ್ದಿದೆಯಂತೆ.
ಸಿಟ್ಟು ಬರಬೇಕಿತ್ತು.
"ಯಾರಿಗೆ ಹಾಕಿದೆನಂತೆ?" ಎಂದು ಕೇಳಿದೆ.