ಗಾಳಿಬೀಡಿನಲ್ಲಿ ಹೆಲ್ಲೆಬೋರ್

ಮೂರು ವರ್ಷ ಬರೀ ಎಲೆ.
ಪುತ್ತರಿ ಕಳೆದ ಈ ಚಳಿಗೆ, ಕೊನೆಗೂ,
ಕಿತ್ತಳೆ ಮರದ ಬುಡದಲ್ಲಿ ಐದು ಮೊಗ್ಗು.

ಚೀಟಿಗಳನ್ನು ಕಕ್ಕಡದ ಮಳೆ ತಿಂದಿತ್ತು.
‘ನೈಗರ್’ ಅನ್ನುವುದರಲ್ಲಿ ‘ನೈ’ ಮಾತ್ರ ಉಳಿದಿದೆ.
ಹೆಸರಿಗೆ ಕಪ್ಪು, ಹೂ ಬಿಳಿ;
ಬೇರು ಕೆದಕಿದರೆ ಹೌದು, ಮಸಿ.

ಉಳಿದವು ಯಾರ ಮಕ್ಕಳೋ.
ಜೇನು ಬೆರೆಸಿದ್ದು,
ಇರುವೆ ಬೀಜ ಹೊತ್ತು ಸಾಲು ತಪ್ಪಿಸಿದ್ದು.
ಒಂದಕ್ಕೆ ಗರಗಸದಂಚಿನ ಎಲೆ,
ಇನ್ನೊಂದಕ್ಕೆ ತಾಯಿಗಿಲ್ಲದ ಕೆನ್ನೀಲಿ ಚುಕ್ಕಿ.

ಕಾಫಿ ಕುಯ್ಲಿನ ನಡುವೆ ಬಂದ ಬೊಳ್ಳವ್ವ
“ನಾಚಿಕೆಯೋ ಸಿಟ್ಟೋ, ಮುಖವನ್ನೇ ಕೊಡುವುದಿಲ್ಲವಲ್ಲ” ಅಂದಳು.
ಗದ್ದ ಹಿಡಿದು ಎತ್ತಬೇಕು, ಅಂದೆ;
ಆಮೇಲೆ ಕೈ ತೊಳಿ, ವಿಷ.
ಕಾಡುಹಂದಿಯೂ ಮೂಸಿ ಬಿಟ್ಟು
ನನ್ನ ಕೆಸುವಿನ ಗಡ್ಡೆಗೆ ಹೋಯಿತು.

ಅವಳು ಗೋಣಿ ಇಳಿಸಿ
ಚೀಲದಿಂದ ಪುಟ್ಟ ಕನ್ನಡಿ ತೆಗೆದು
ಹೂವಿನ ಕೆಳಗೆ ಹಿಡಿದಳು.
ಐದು ಎಸಳು (ಎಸಳಲ್ಲವಂತೆ ಅವು),
ನಡುವೆ ಮಕರಂದದ ಹಸಿರು ಬಟ್ಟಲುಗಳು,
ಅಂಚಿನಲ್ಲಿ ಅವಳದೇ ಅರ್ಧ ಮೂಗು.

“ಯಾವ ಜಾತಿ?”
ಪುಸ್ತಕ ತೆರೆದೆ. ಮುಚ್ಚಿದೆ.
ಹೊಸ ಚೀಟಿಗೆ, ಪೆನ್ಸಿಲಿನಲ್ಲಿ:
ಕಿತ್ತಳೆ ಬುಡ. ಎಡದಿಂದ ಎರಡನೆಯದು.
ಬೊಳ್ಳವ್ವ ನೋಡಿದ್ದು.