ಮೂರು ಗಂಟೆಯ ಅಂಕಿ

ಗಂಟೆಗೊಮ್ಮೆ ಹೊರಗೆ ಹೋಗಿ
ಆಕಾಶವನ್ನು ಎಂಟು ಪಾಲು ಮಾಡಬೇಕು,
ಅದರಲ್ಲಿ ಮೋಡದ ಪಾಲೆಷ್ಟು, ಬರೆಯಬೇಕು.
ಇದು ನನ್ನ ನೌಕರಿ. ವಯಸ್ಸು ಇಪ್ಪತ್ತು.
ಬೀದರಿನ ವಾಯುಪಡೆಯಲ್ಲಿ ಹವಾಮಾನದ ಕೋಣೆ,
ರಾತ್ರಿ ಪಾಳಿ.

ರಜೆಗೆ ಹಳ್ಳಿಖೇಡಕ್ಕೆ ಹೋದಾಗ ಅವ್ವ ಕೇಳಿದಳು:
‘ರಾತ್ರೆಲ್ಲಾ ಏನ್ ಮಾಡ್ಲತಿ ಅಲ್ಲಿ?’
‘ಮೋಡ ಎಣಸ್ಲತೀನಿ.’
‘ಅದಕ್ಕ ಪಗಾರ ಕೊಡ್ತಾರ?’
ಸ್ವಲ್ಪ ಹೊತ್ತು ಸುಮ್ಮನಿದ್ದು ಅಂದಳು:
‘ಊರಾಗ ಯಾರಿಗೂ ಹೇಳಬ್ಯಾಡ. ಬಂದೂಕ ಅದ ಅನ್ನು.’

ಹಗಲಿನ ಮೋಡ ಯಾರಿಗಾದರೂ ಕಂಡೀತು.
ರಾತ್ರಿ ಹಾಗಲ್ಲ,
ಚುಕ್ಕಿ ಎಲ್ಲಿ ಇಲ್ಲವೋ ಅಲ್ಲಿ ಮೋಡ.
ಸಾರ್ಜೆಂಟ್ ಬೆಹೆರಾ ಕಲಿಸಿದ್ದು ಇಷ್ಟೇ:
ದೀಪ ಬಿಟ್ಟು ಹೊರಗೆ ಬಂದಮೇಲೆ
ಐದು ನಿಮಿಷ ಸುಮ್ಮನೆ ನಿಲ್ಲು,
ಕಣ್ಣಿಗೆ ಕತ್ತಲೆ ಒಗ್ಗಲಿ. ಆಮೇಲೆ ಎಣಿಸು.
ಇಪ್ಪತ್ತು ವರ್ಷದ ಸರ್ವಿಸಿನಿಂದ
ನಾನು ಹೊತ್ತು ತಂದದ್ದು ಆ ಐದು ನಿಮಿಷ.
ಉಳಿದದ್ದೆಲ್ಲ ಟ್ರಂಕಿನಲ್ಲಿದೆ.

ಕೆಮ್ಮಣ್ಣಿನ ಮೇಲೆ ನಾಲ್ಕು ಕಾಲಿನ ಬಿಳಿ ಪೆಟ್ಟಿಗೆ.
ಒಳಗೆ ಎರಡು ಥರ್ಮಾಮೀಟರು. ಒಂದು ಒಣದು,
ಇನ್ನೊಂದಕ್ಕೆ ಒದ್ದೆ ಮಲ್‌ಮಲ್ ಬಟ್ಟೆ,
ಜ್ವರದ ಕೂಸಿನ ಹಣೆಗೆ ಹಾಕಿದ ಹಾಗೆ.
ಉಸಿರು ಬಿಗಿಹಿಡಿದು ಓದಬೇಕು.
ತಾಗಿತೋ, ಪಾದರಸ ಏರಿ
ನಿನ್ನನ್ನೇ ನಿನಗೆ ತೋರಿಸುತ್ತದೆ.

ಆಚೆ ರನ್‌ವೇ ಮೇಲೆ ತೊಂಬಾ ಸಿಂಗ್, ಮಣಿಪುರದವನು,
ಟಾರ್ಚು ಹಿಡಿದು ಚಿಗರಿ ಓಡಿಸುವವನು.
ಕತ್ತಲೆಯಲ್ಲಿ ಜೋಡಿ ಜೋಡಿ ಹಸಿರು ಕಣ್ಣು.
ಕಲಿತ ಕನ್ನಡ ಒಂದೇ ಮಾತು,
ಅದನ್ನೂ ಬಹುವಚನದಲ್ಲೇ ಕಲಿತಿದ್ದ:
‘ನಡೀರಿ, ನಡೀರಿ.’
ಚಿಗರಿಗಳಿಗೆ ಅಷ್ಟು ಮರ್ಯಾದೆ
ಮುಂದೆ ಯಾರೂ ಕೊಟ್ಟಿರಲಿಕ್ಕಿಲ್ಲ.

ದೂರ ಅಳೆಯಲು ದೀಪಗಳ ಪಟ್ಟಿ ಗೋಡೆಗಿತ್ತು:
ಚಿದ್ರಿಯ ಕಂಬ ಕಂಡರೆ ಇಷ್ಟು,
ನೌಬಾದಿನ ನೀರಿನ ಟಾಕಿ ಕಂಡರೆ ಇಷ್ಟು.
ಪಟ್ಟಿಯಲ್ಲಿ ಇಲ್ಲದ್ದೊಂದು
ಊರಂಚಿಗೆ ಮೂರೂವರೆಗೆ ಹತ್ತುತ್ತಿತ್ತು, ಹಳದಿ.
ಯಾರೋ ಏಳುತ್ತಿದ್ದರು. ಹಿಟ್ಟು ನಾದಲೋ,
ಯಾರಿಗೋ ಔಷಧ ಕುಡಿಸಲೋ.
ಅದನ್ನು ಎಲ್ಲಿಯೂ ಬರೆಯಲಿಲ್ಲ.
ಅದು ಹತ್ತಿದರೆ ಮಾತ್ರ
ರಾತ್ರಿ ದಾಟಿತು ಅನ್ನಿಸುತ್ತಿತ್ತು.

ಜನವರಿ. ತಾರೀಖು ಬೇಡ.
ಎರಡರ ಅಂಕಿ ಬರೆದು ರಿಜಿಸ್ಟರಿಗೆ ತಲೆಯಿಟ್ಟೆ.
ಎದ್ದಾಗ ಮೂರು ನಲವತ್ತು.
ಕೆನ್ನೆಯ ಮೇಲೆ ಸ್ಪೈರಲ್ ತಂತಿಯ ಗುರುತು.
ಮೂರರ ಖಾನೆ ಬಾಯಿ ತೆರೆದಿತ್ತು.
ಎರಡಕ್ಕೆ ಹನ್ನೊಂದು ಪಾಯಿಂಟ್ ಆರು.
ಸ್ವಲ್ಪ ಇಳಿದಿರಬೇಕು ಅಂದುಕೊಂಡೆ,
ಹನ್ನೊಂದು ಪಾಯಿಂಟ್ ಎರಡು.
ಗಾಳಿ ಇಲ್ಲ. ಮೋಡ ಸೊನ್ನೆ. ಸಹಿ.
ಹಳದಿ ದೀಪ ಆಗಲೇ ಹತ್ತಿತ್ತು.

ಬೆಳಿಗ್ಗೆ ಬೆಹೆರಾ ಪುಟದ ಮೇಲೆ ಬೆರಳಿಳಿಸುತ್ತ ಬಂದು
ಒಂದು ಕಡೆ ನಿಲ್ಲಿಸಿದರು.
‘ಮೂರರದ್ದು ಮಾತ್ರ ಬಹಳ ಚಂದ ಬರೆದೀಯ’ ಎಂದರು.
ಚಹಾ ಮುಗಿಸಿ ಹೊರಟುಹೋದರು.

ಏನೂ ಆಗಲಿಲ್ಲ.
ಹುಡುಗ ಪೈಲಟ್‌ಗಳ ವಿಮಾನ ಏರಿದವು, ಇಳಿದವು.
ತುಂಬಿದ ರಿಜಿಸ್ಟರು ಪುಣೆಗೆ ಹೋಯಿತು ಅಂದರು.
ಅಲ್ಲಿ ಯಾರೋ ಕೂಡಿಸಿ, ಭಾಗಿಸಿ,
ಈ ಸೀಮೆಯ ಚಳಿಯ ಸರಾಸರಿ ತೆಗೆದಿದ್ದಾರೆ.
ಸಾವಿರಾರು ಪ್ರಾಮಾಣಿಕ ಅಂಕಿಗಳ ನಡುವೆ
ನಾನು ಕಟ್ಟಿದ್ದೊಂದು ಸೇರಿ ಕರಗಿದೆ,
ತೆಗೆಯಲು ಬರುವುದಿಲ್ಲ, ಬೇಳೆಯೊಳಗಿನ ಉಪ್ಪು.

ಈಗಲೂ ಮೂರಕ್ಕೆ ಎಚ್ಚರ.
ಕಸ್ತೂರಬಾಯಿ ಹಾಸಿಗೆಯಿಂದಲೇ, ‘ಮತ್ತ ಎದ್ರ್ಯಾ?’
ಮಾಳಿಗೆ ಹತ್ತಿ ಐದು ನಿಮಿಷ ನಿಲ್ಲುತ್ತೇನೆ.
ಊರ ತುಂಬ ದೀಪ. ಚುಕ್ಕಿ ಕಾಣದ್ದು
ಮೋಡಕ್ಕೋ ಬೆಳಕಿಗೋ ತಿಳಿಯದು.
ಆದರೂ ಎಣಿಸುತ್ತೇನೆ. ಪಕ್ಕದ ಮನೆಯ ಹುಡುಗ
ಫೋನಿನಲ್ಲಿ ನೋಡಿ ಹೇಳಬಲ್ಲ, ಈಗ ಎಷ್ಟು ಅಂತ.
ಆ ರಾತ್ರಿಯದ್ದು ಹೇಳಲಾರ.
ಮೂರು ಗಂಟೆಗೆ ಬೀದರಿನಲ್ಲಿ ಎಷ್ಟು ಚಳಿಯಿತ್ತೆಂದು
ತಿಳಿದಿರಲಿ ಅಂತ ಸರ್ಕಾರ ಒಬ್ಬನನ್ನು ಇಟ್ಟಿತ್ತು.
ಅವನು ಮಲಗಿದ್ದ.